ಒಲೆ ಮುಟ್ಟಿ ನೋಡಿದವಳು

ನಮ್ಮ ಮೊಮ್ಮಗಳಿಗೆ ಬೆಂಗಳೂರಲ್ಲಿ ಸಂಶೋಧನೆ ಮಾಡೋ ಕೆಲಸ ಸಿಕ್ಕಿತು! ಅವತ್ತು ಮಧ್ಯಾಹ್ನ ಬಂಗಾರಪೇಟೆಯಲ್ಲಿ ರೈಲಿಳಿದು ಬಂದವಳೇ ಸೀದಾ ಕೊಟ್ಟಿಗೆಗೆ ನುಗ್ಗಿದಳು. "ಸಗಣಿ ಕೈ ಕಣೇ" ಅಂದರೂ ಬಿಡದೆ ತಬ್ಬಿಕೊಂಡಳು. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇದನ್ನು ನಾನೇ ಬರೀಬೇಕು.

ಎಂಥ ಕೆಲಸ ಅಂತ ಊರೆಲ್ಲ ಕೇಳಿತು. ಹೊಗೆ ಹೆಚ್ಚಾಗಿ ಭೂಮಿ ಕಾಯ್ತಾ ಇದೆಯಂತೆ. ಅದನ್ನು ತಡೆಯೋಕೆ ಅಂತ ಕೊಡೋ ದುಡ್ಡು ನಿಜವಾಗಿ ಕೆಲಸಕ್ಕೆ ಬಂತಾ ಅಂತ ನೋಡೋದು.

ಓದುವಾಗಲೇ ಅವಳು ನಮ್ಮ ಕಡೆಯ ಗೋಬರ್ ಗ್ಯಾಸ್ ವಿಷಯ ಹಿಡಿದು ಒಂದು ವರದಿ ಬರೆದಿದ್ದಳು. ಸೌದೆ ಹೊಗೆ ಕಮ್ಮಿ ಆಗ್ಲಿ ಅಂತ ಸರ್ಕಾರದ ದುಡ್ಡಲ್ಲಿ ಹಸು ಇದ್ದ ಮನೆಗೆಲ್ಲ ಕಟ್ಟಿಸಿದ್ದರು. ಜಗಲಿ ಮೇಲೆ ಕೂತ ಗಂಡಸರು "ಚೆನ್ನಾಗಿ ಉರೀತದಮ್ಮ" ಅಂದರು. ಇವಳು ನಂಬಲಿಲ್ಲ. ಹೊತ್ತಾರೆ ಅಡುಗೆ ಹೊತ್ತಿಗೆ ಒಳಗೆ ಹೋಗಿ ಗ್ಯಾಸ್ ಒಲೆ ಮುಟ್ಟಿ ನೋಡಿದಳು. ತಣ್ಣಗಿತ್ತು! ಪಕ್ಕದಲ್ಲಿ ಸೌದೆ ಒಲೆ ಧಗಧಗ. ಗ್ಯಾಸ್ ಬರಬೇಕಂದ್ರೆ ಸಗಣಿಯಷ್ಟೇ ನೀರು ದಿನಾ ಕಲಸಬೇಕು, ದೂರದ ಬೋರಿಂದ ಹೊರೋರು ಹೆಂಗಸರು. ಯಾರು ಹೊರ್ತಾರೆ?

ನಮ್ಮನೇದೂ ಅದೇ ಕಥೆ. ಗ್ಯಾಸ್ ಡ್ರಮ್ಮಿನ ಮೇಲೆ ನಾನು ಹುಣಸೆಹಣ್ಣು ಒಣಗಿಸ್ತಿದ್ದೆ. ಗ್ಯಾಸ್ ನೋಡೋಕೆ ಸರ್ಕಾರದ ಜೀಪು ಬಂತು ಅಂದರೆ ಚಾಪೆ ಸಮೇತ ಎತ್ತಿ ಒಳಗಿಡ್ತಿದ್ದೆ. ಇವಳು ಅದನ್ನೂ ಬರೆದಳು!

ನಮ್ಮ ಯಜಮಾನರು ಕೆಂಡವಾದರು. "ಲೇ, ಊರಲ್ಲಿ ಇಷ್ಟು ಮನೆ ಇರುವಾಗ ನಮ್ಮನೇನೇ ಬೇಕಿತ್ತಾ? ಓದ್ಸಿದ್ದಕ್ಕೆ ಮಾನ ಕಳೆದ್ಯಲ್ಲೇ!"

"ನಮ್ಮನೇದು ಮುಚ್ಚಿಟ್ಟು ಊರೋರ್ದು ಬರೆದ್ರೆ ಅದು ಚಾಡಿ ಆಯ್ತದೆ, ತಾತ."

ಅವತ್ತಿಂದ ಅವರು ಅವಳ ಪಕ್ಕ ಊಟಕ್ಕೆ ಕೂರಲಿಲ್ಲ. ನನಗೋ ಬೇರೆ ಭಯ: ಸ್ವಂತ ಮನೆಯವರೇ ಸುಳ್ಳು ಹೇಳಿದೋರು ಅಂತ ಗೊತ್ತಾದರೆ ಇವಳಿಗೆ ಯಾರು ಕೆಲಸ ಕೊಡ್ತಾರೆ?

ಇಂಟರ್‌ವ್ಯೂನಲ್ಲಿ ಅದನ್ನೇ ಕೇಳಿದರಂತೆ. "ಈ ಹುಣಸೆಹಣ್ಣಿನ ಮನೆ ನಿಮಗೆ ಹೇಗೆ ಗೊತ್ತಮ್ಮ?"

"ನಮ್ಮಜ್ಜಿ ಮನೆ ಸಾರ್. ರಜಕ್ಕೆ ಹೋದಾಗ ನಾನೂ ನೀರು ಹೊತ್ತಿದ್ದೀನಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಯಾವಾಗ ಬಂದು ಸೇರ್ಕೋತೀರಿ?" ಅಂದರಂತೆ. ನನ್ನ ಚಿನ್ನ! ಎಷ್ಟು ಧೈರ್ಯ ನೋಡಿ!

ಅವಳು ರೈಲಿಳಿದು ಬಂದ ದಿನ ಸಂಜೆ ಮಕ್ಕಳು ಸೊಸೆಯರು ಎಲ್ಲಾ ಊಟಕ್ಕೆ ಸಾಲಾಗಿ ಕೂತರು. ಮುದ್ದೆ, ಅವರೆಕಾಳು ಸಾರು. ಯಜಮಾನರು ತಟ್ಟೆ ಹಿಡಿದು ಬಂದು ಅವಳ ಪಕ್ಕದಲ್ಲೇ ಕೂತರು. ಮುದ್ದೆ ಮುರಿದು ಸಾರಿಗೆ ಅದ್ದುತ್ತಾ ಕೇಳಿದರು:

"ನಮ್ಮನೆ ಎಷ್ಟನೇ ಪುಟದಾಗೈತೆ?"

"ಮೊದಲ್ನೇದ್ರಲ್ಲೇ, ತಾತ."

"ಮೊದಲ್ನೇದಾ!" ಅಂದು ಮೀಸೆ ಒರೆಸಿಕೊಂಡು, "ಇವಳಿಗೆ ಇನ್ನೊಂದು ಮುದ್ದೆ ಇಕ್ಕೇ" ಅಂದರು. ಇಕ್ಕಿದೆ. ಬಡಿಸೋದು ಸಾಕು ಅಂತ ನಾನೂ ಅವರ ಜೊತೆಗೇ ತಟ್ಟೆ ಹಾಕಿಕೊಂಡೆ.