ಇಲ್ಲದ ಐದನೆಯ ದೋಷ

ತನ್ನ ಪಾಪವನ್ನು ಒಪ್ಪಿಕೊಳ್ಳಬೇಕಾದರೆ ಮನುಷ್ಯ ಮೊದಲು ಪಕ್ವವಾಗಬೇಕು. ನನ್ನಲ್ಲಿ ಇದುವರೆಗೆ ಪಕ್ವವಾದದ್ದು ಕೂದಲು ಮಾತ್ರ. ಆದರೂ ಹೇಳಿಬಿಡುತ್ತೇನೆ — ಗೆಳೆಯ ಶರೀಫನನ್ನು ಪರೀಕ್ಷೆಗೆ ಹೋಗದಂತೆ ಮಾಡಿದವನು ನಾನು.

ನೆಟ್‌ವರ್ಕಿಂಗ್‌ನ ಆ ಪ್ರಾಯೋಗಿಕ ಪರೀಕ್ಷೆ ಎಂಟು ತಾಸಿನದು. ಬಾಯಿಪಾಠ ಮಾಡಿ ಪಾರಾಗುವ ಹಾಗಿಲ್ಲ. ಕೆಟ್ಟು ಕೂತ ಕಂಪ್ಯೂಟರ್ ಜಾಲವನ್ನು ಕೈಯಾರೆ ಸರಿಪಡಿಸಿ ತೋರಿಸಬೇಕು. ನಿಪ್ಪಾಣಿಯಲ್ಲಿ, ಶರೀಫನ ಅಣ್ಣನ ತಂಬಾಕಿನ ಗೋದಾಮಿನ ಮೇಲಿನ ಕೋಣೆಯಲ್ಲಿ ಹಳೆಯ ರೌಟರುಗಳನ್ನು ಪೇರಿಸಿಕೊಂಡು, ಘಾಟಿಗೆ ಸೀನುತ್ತ ಒಂದು ವರ್ಷ ತಯಾರಿ ನಡೆಸಿದೆವು. ಕ್ರಮ ಸರಳ: ಒಬ್ಬ ಚಹಾಕ್ಕೆ ಹೋಗಬೇಕು, ಇನ್ನೊಬ್ಬ ಅಷ್ಟರಲ್ಲಿ ಜಾಲವನ್ನು ಕೆಡಿಸಬೇಕು. ಎಲ್ಲಿ ಎಂದು ಹೇಳುವಂತಿಲ್ಲ. ಎಷ್ಟು ಕಡೆ ಎಂಬುದನ್ನು ಮಾತ್ರ ಸತ್ಯವಾಗಿ ಹೇಳಬೇಕು. ನಮ್ಮ ಸಂವಿಧಾನದಲ್ಲಿ ಇದ್ದದ್ದು ಅದೊಂದೇ ಕಲಮು.

ಪರೀಕ್ಷೆಗೆ ಎಂಟು ದಿನ ಉಳಿದಾಗ ನಾನು ನಾಲ್ಕು ಕಡೆ ಕೆಡಿಸಿ, “ಐದು” ಎಂದೆ.

ಯಾಕೆ? ನನಗೆ ಎರಡು ತಾಸು ಹಿಡಿಯುವುದನ್ನು ಅವನು ಸಿಳ್ಳೆ ಹಾಕುತ್ತ ಒಂದೇ ತಾಸಿನಲ್ಲಿ ಮುಗಿಸುತ್ತಿದ್ದ. ಆ ಸಿಳ್ಳೆ — ಇರಲಿ, ಸಿಳ್ಳೆಯದೇನೂ ತಪ್ಪಿರಲಿಲ್ಲ.

ನಾಲ್ಕನ್ನೂ ಬೇಗನೆ ಹಿಡಿದ. “ಲೇ, ಐದನೇದ ಎಲ್ಲಿ ಮುಚ್ಚಿಟ್ಟಿ ಬೇ?”

“ಹುಡಕ. ಪರೀಕ್ಷಾದಾಗ ಯಾರರೆ ಹೇಳ್ತಾರೇನ?”

ಹುಡುಕಿದ. ಕೇಬಲ್ಲು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದ. ಎದ್ದ, ಕೂತ, ಕಿಟಕಿಯವರೆಗೆ ಹೋಗಿ ಬಂದ. ಸಿಳ್ಳೆ ಯಾವಾಗಲೋ ನಿಂತಿತ್ತು. ಮೂರನೆಯ ತಾಸಿಗೆ, ಸರಿ ಇದ್ದದ್ದನ್ನೂ ಅನುಮಾನಿಸಿ ಬದಲಿಸತೊಡಗಿದ — ತಾನೇ ಸರಿಮಾಡಿದ ಜಾಲವನ್ನು ನನ್ನ ಕಣ್ಣೆದುರಿಗೇ ತಾನೇ ಕೆಡಿಸಿದ. ಆಗಲಾದರೂ ಒಂದು ಮಾತು... ಬಾಯಿ ತೆರೆದೆ ಕೂಡ. ಬಂದದ್ದು ಸೀನು.

“ನಾ ಇನ್ನೂ ತಯಾರ ಆಗಿಲ್ಲೋ ಮಾರಾಯಾ,” ಎಂದ ಶರೀಫ, ಸಂಜೆ. “ನೀ ಹೋಗಿ ಬಾ.” ಮರುದಿನ ತನ್ನ ಹೆಸರು ವಾಪಸು ತೆಗೆದುಕೊಂಡ. ನಾನು ಪರೀಕ್ಷೆಗೆ ಹೊರಟ ದಿನ ಬಸ್‌ಸ್ಟ್ಯಾಂಡಿಗೆ ಬಂದು ನನ್ನ ಚೀಲವನ್ನೂ ಅವನೇ ಹೊತ್ತ.

ಹನ್ನೊಂದು ವರ್ಷ ಸುಮ್ಮನಿದ್ದೆ. ಇದನ್ನೆಲ್ಲ ಬರೆದು ಅಚ್ಚಿಗೆ ಕೊಟ್ಟರೆ ಅವನೇ ಓದಿಕೊಂಡಾನು ಎಂಬ ಉಪಾಯವೂ ಹೊಳೆದಿತ್ತು — ಹೇಡಿಗಳಿಗೆ ಉಪಾಯಗಳ ಕೊರತೆಯಿಲ್ಲ. ಕೊನೆಗೆ ಮೊನ್ನೆ ಚಿಕ್ಕೋಡಿಯ ಅವನ ರಿಪೇರಿ ಅಂಗಡಿಗೇ ಹೋಗಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಯಾರದೋ ಮನೆಯ ಸಿಸಿಟಿವಿ ಕ್ಯಾಮೆರಾ ಬಿಚ್ಚಿಕೊಂಡು ಕೂತಿದ್ದ. ಬಯ್ದಿದ್ದರೆ ಹಗುರಾಗುತ್ತಿದ್ದೆನೋ ಏನೋ. ಸ್ಕ್ರೂಡ್ರೈವರ್ ಕೆಳಗಿಟ್ಟು ತಲೆಯೆತ್ತಿದ.

“ಅಂದ್ರ... ಅವತ್ತ ನಂದು ಮುಗದಿತ್ತೇನ?”

“ಮುಗದಿತ್ತು.”

“ಹ್ಞೂಂ,” ಎಂದು ಮತ್ತೆ ಕ್ಯಾಮೆರಾದ ಕಡೆ ಬಗ್ಗಿದ. ಕೂತುಕೋ ಎನ್ನಲಿಲ್ಲ.

ನಾನು ಆ ಪರೀಕ್ಷೆಯಲ್ಲಿ ಪಾಸಾಗಿದ್ದೇನೆ. ಶರೀಫ ಇಂದಿಗೂ ಅದಕ್ಕೆ ಕೂತಿಲ್ಲ.