ಕುರ್ಚಿಯ ಅಡಿಯಲ್ಲಿದ್ದ ಮಿಮಿ

ಸ್ವಾಹಿಲಿ ಆಡುವ ಈ ಪರದೇಶದ ಊರಿನಲ್ಲಿ, ಸೌತ್ ಬಿ ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ಹತ್ತಿರ ಒಂದು ಕುರ್ಚಿಯಿದೆ. ಅದರ ಅಡಿಯಲ್ಲಿ ಪೆನ್ಸಿಲಿನಲ್ಲಿ ಬರೆದ ನಾಲ್ಕು ಇಂಗ್ಲಿಷ್ ಅಕ್ಷರ ಇದ್ದವು. ಉಜ್ಜಿ ಅಳಿಸಿಬಿಡಿ ಅಂತ ಒಬ್ಬರು ನನಗೆ ಬುದ್ಧಿ ಹೇಳಿದರು. ನಾನು ಅಳಿಸಲಿಲ್ಲ. ಇವತ್ತು ಬಂದು ಹೇಳಿದರೂ ಅಳಿಸುವುದಿಲ್ಲ, ಏನು ಮಾಡ್ಕೋತಾರೋ ಮಾಡ್ಕೊಳ್ಳಲಿ.

ಹದಿನಾಲ್ಕನೇ ಇಸವಿ ಇರಬೇಕು. ಊರಿಗೆ ವಾಪಸು ಹೊರಟಿದ್ದ ಡೆನ್ಮಾರ್ಕಿನ ಸಂಸಾರವೊಂದು ಮನೆ ಸಾಮಾನನ್ನೆಲ್ಲ ಅಂಗಳದಲ್ಲಿ ಮಾರಾಟಕ್ಕಿಟ್ಟಿತ್ತು. ಓವನ್ ನೋಡಲು ಹೋದವಳು ಕುರ್ಚಿ ಹೊತ್ತುಕೊಂಡು ಬಂದೆ. ಮಟಾಟು ಅನ್ನುವ ಇಲ್ಲಿನ ಬಾಡಿಗೆ ವ್ಯಾನಿನಲ್ಲಿ ಸೀಟಿನ ಮೇಲೆ ನಾನು, ನನ್ನ ತೊಡೆಯ ಮೇಲೆ ಅದು. ಕುರ್ಚಿಗೂ ಟಿಕೆಟ್ ಕೇಳಿದ ಕಂಡಕ್ಟರನ ಜೊತೆ ದಾರಿಯುದ್ದಕ್ಕೂ ಜಗಳ. ನನ್ನಂಥ ಲೆಕ್ಕದ ಟೀಚರ್ ಹತ್ತಿರವೇ ಲೆಕ್ಕ ಹೇಳೋಕೆ ಬಂದಿದ್ದ!

ಅದರ ದೊಡ್ಡಸ್ತಿಕೆ ಕಂಡುಹಿಡಿದವರು ನಮ್ಮ ಕನ್ನಡ ಬಳಗದ ಒಬ್ಬ ಮಹನೀಯರು. ಬೆಂಗಳೂರಿನವರು, ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆ. ಹಳೇ ಡೇನಿಷ್ ಫರ್ನಿಚರ್ ಅಂದರೆ ಪ್ರಾಣ ಬಿಡುತ್ತಾರೆ. ಯುಗಾದಿ ಊಟಕ್ಕೆ ಬಂದವರು ತಟ್ಟೆಯಲ್ಲಿ ಹೋಳಿಗೆ ಬಿಟ್ಟು ನನ್ನ ಕುರ್ಚಿಯನ್ನು ಬೋರಲು ಹಾಕಿದರು.

"ಮೇಡಂ, ಇದು ಪಕ್ಕಾ ಡೇನಿಷ್! ಸ್ಟಾಂಪ್ ಇಲ್ಲ, ಅದಕ್ಕೇ ಇನ್ನೂ ಇಂಟರೆಸ್ಟಿಂಗ್."

ಮುದ್ರೆಯಿಲ್ಲದ ಕುರ್ಚಿಯನ್ನು ಮಾಡಿದವರು ಯಾರು ಅಂತ ಪತ್ತೆ ಹಚ್ಚಲು ಒಂದು ಶಾಸ್ತ್ರವೇ ಇದೆಯಂತೆ. ಕೈ ಇಡುವ ಕಡೆ ಮರ ಹೇಗೆ ಬಾಗಿದೆ, ಕಾಲಿಗೂ ಅಡ್ಡಪಟ್ಟಿಗೂ ಕೀಲು ಹೇಗೆ ಕೂಡಿದೆ, ಕೂರುವ ಜಾಗದ ಹುರಿಯನ್ನು ಒಳಗೆ ಯಾವ ಮೊಳೆಗೆ ಸಿಕ್ಕಿಸಿದೆ. ಫೋನಿನ ಟಾರ್ಚ್ ಬಿಟ್ಟುಕೊಂಡು ಒಂದೊಂದನ್ನೇ ತೋರಿಸುತ್ತಿದ್ದವರು ಆ ಅಕ್ಷರ ಕಂಡದ್ದೇ ಕೂಗಿಬಿಟ್ಟರು. MIMI. "ಡಿಸೈನರ್ ಯಾರೋ ಹೆಂಗಸು ಮೇಡಂ! ಎಂಥಾ ಕೈಗುಣ ನೋಡಿ!"

ಮೂರು ತಿಂಗಳು ಅವರು ಡೆನ್ಮಾರ್ಕಿನ ಕ್ಯಾಟಲಾಗುಗಳಲ್ಲಿ ಮಿಮಿಯನ್ನು ಹುಡುಕಿದರು. ನಾನೇನು ಕಮ್ಮಿ? ಮನೆಗೆ ಬಂದವರಿಗೆಲ್ಲ "ಇದು ಮಿಮಿ ಮಾಡಿದ್ದು" ಅಂತ ಜಂಬ ಕೊಚ್ಚಿಕೊಂಡೆ.

ಅಷ್ಟರಲ್ಲಿ ಹುರಿ ಕಿತ್ತುಬಂತು. ಹೆಣೆಯುವವರೊಬ್ಬರು ಇದೇ ಊರಿನ ಪಂಗಾನಿ ಬಡಾವಣೆಯಲ್ಲಿದ್ದಾರೆ ಅಂತ ಶಾಲೆಯಲ್ಲಿ ಯಾರೋ ಹೇಳಿದರು, ಹೇಳಿಕಳಿಸಿದೆ. ಭಾನುವಾರ ಗೇಟು ಬಡಿದ ಸದ್ದಾಯಿತು. "ನಾನಿ?" ಅಂದೆ. ಸ್ವಾಹಿಲಿಯಲ್ಲಿ ಹಾಗೆಂದರೆ ಯಾರು ಅಂತ. ಈ ಊರಿಗೆ ಬಂದ ಹೊಸದರಲ್ಲಿ ಪಕ್ಕದ ಮನೆ ಗೇಟು ಬಡಿದಾಗ ಒಳಗಿನಿಂದ ಯಾರೋ "ನಾನಿ?" ಅಂದಿದ್ದರು. ನನ್ನ ಕಿವಿಗೆ ಬಿದ್ದದ್ದು "ನಾನೇ". ಅಯ್ಯೋ, ಕನ್ನಡದವರು ಅಂತ ಹಿಗ್ಗಿ "ನಾನೇ ಅಂದ್ರೆ ಯಾರ್ರೀ?" ಅಂತ ಕೂಗಿದ್ದೆ. ಒಳಗಿನಿಂದ ಮತ್ತೆ "ನಾನಿ?" ಅದನ್ನು ನೆನೆಸಿಕೊಂಡು ಈಗಲೂ ನಗುತ್ತೇನೆ.

"ಫುಂಡಿ," ಅಂತ ಹೊರಗಿನಿಂದ ಉತ್ತರ ಬಂತು. ಕೈಕೆಲಸ ಮಾಡುವವರನ್ನೆಲ್ಲ ಇಲ್ಲಿ ಕರೆಯುವುದೇ ಹಾಗೆ. ಎಪ್ಪತ್ತು ದಾಟಿದ ಮುದುಕರು, ಹೆಗಲಲ್ಲಿ ಒಂದು ಕ್ಯಾನ್ವಾಸ್ ಚೀಲ.

ಮೇಲ್ವಿಚಾರಣೆಗೆ ನಮ್ಮ ಮಹನೀಯರೂ ಹಾಜರಾಗಿದ್ದರು. ಮುದುಕರು ಕುರ್ಚಿಯನ್ನು ಬೋರಲು ಹಾಕಿ ಆ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದರು. ಮಹನೀಯರು ತಮಾಷೆಗೆ ಸ್ವಾಹಿಲಿಯಲ್ಲಿ ಕೇಳಿದರು, "ಯಜಮಾನರೇ, ಇದನ್ನು ಮಾಡಿದ್ದು ಯಾರು ಗೊತ್ತಾ?"

"ಮಿಮಿ."

"ನೋಡಿದ್ರಾ ಮೇಡಂ, ಓದಿಬಿಟ್ಟರು! ಸರಿ, ಆ ಮಿಮಿ ಯಾರು?"

"ಮಿಮಿ," ಅಂತ ಮುದುಕರು ಎದೆಯ ಮೇಲೆ ಅಂಗೈ ಇಟ್ಟುಕೊಂಡರು.

ಆಗ ಹೊಳೆಯಿತು ನೋಡಿ ನನ್ನ ಮಂದಬುದ್ಧಿಗೆ. ಸ್ವಾಹಿಲಿಯಲ್ಲಿ ಮಿಮಿ ಅಂದರೆ ನಾನು! ಹದಿನೈದು ವರ್ಷದಿಂದ ದಿನಕ್ಕೆ ನೂರು ಸಲ ಕೇಳಿದ ಮಾತು, ನಾನೇ ಆಡಿದ ಮಾತು. ಡೇನಿಷ್ ಅಂದ ಮಾತ್ರಕ್ಕೆ ಕಣ್ಣಿಗೆ ಮಂಕು ಕವಿದಿತ್ತು. ಬೆಣ್ಣೆ ಕೈಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಯಿತು. ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು.

ಮಹನೀಯರು ನಂಬಲಿಲ್ಲ. ಮುದುಕರು ತಮ್ಮ ಪಾಡಿಗೆ ಹಳೇ ಹುರಿ ಕತ್ತರಿಸುತ್ತಾ ಹೇಳಿದರು: ಹಿಂದಿನ ಎಡಗಾಲಿನ ಕೀಲಿನಲ್ಲಿ ಬೇರೆ ಬಣ್ಣದ ಮರದ ಒಂದು ಬೆಣೆ ಇರುತ್ತದೆ. ಅವತ್ತು ಉಳಿ ಜಾರಿ ಸಂದು ಬಿಟ್ಟಿತ್ತು, ಬೆಣೆ ಹೊಡೆದು ಹುರಿಯಲ್ಲಿ ಮುಚ್ಚಿದೆ. ಹುರಿ ಬಿಚ್ಚಿದರೆ ಬೆಣೆ ಅಲ್ಲೇ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಪಂಗಾನಿಯ ಕಾರ್ಖಾನೆಯೊಂದರಲ್ಲಿ ಅವರು ಇಪ್ಪತ್ತರ ಹುಡುಗನಾಗಿದ್ದಾಗ ಡೆನ್ಮಾರ್ಕಿನ ಹೆಂಗಸೊಬ್ಬಳು ಒಂದು ಕುರ್ಚಿ ತಂದು ಇಂಥವೇ ಬೇಕು ಅಂದಳಂತೆ. ಮಾಡಿಕೊಟ್ಟರು. ಕೆಲಸದವರು ಹೆಸರು ಬರೆದರೆ ಧಣಿ ಅವತ್ತೇ ಮನೆಗೆ ಕಳಿಸುತ್ತಿದ್ದ. ಅದಕ್ಕೆ ಹೆಸರಿನ ಬದಲು ನಾನು ಅಂತ ಬರೆದರು. "ಧಣಿ ಕಂಡು ಗಟ್ಟಿಯಾಗಿ ‘ನಾನು’ ಅಂತ ಓದಿದರೂ ಅವನೇ ಸಿಕ್ಕಿಬೀಳ್ತಿದ್ದ," ಅಂತ ಬೊಚ್ಚುಬಾಯಿ ತೆರೆದು ನಕ್ಕರು.

ಮಹನೀಯರ ಮುಖ ಮಾತ್ರ ಹುಳ್ಳಗಾಗಿತ್ತು. ಕನ್ನಡಕ್ಕೆ ತಿರುಗಿದರು. "ಬರೀ ಕಾಪಿ ಮೇಡಂ. ಹೋಗ್ಲಿ ಬಿಡಿ, ಶೇಪ್ ಚೆನ್ನಾಗಿದೆ. ಆ ಬರಹ ಸ್ಯಾಂಡ್‌ಪೇಪರ್ ಹಾಕಿ ತೆಗೆಸಿಬಿಡಿ. ಸ್ಟಾಂಪ್ ಇಲ್ಲದ ಡೇನಿಷ್ ಅಂತ ನಾನೇ ಯಾರಿಗಾದ್ರೂ ಕೊಡಿಸ್ತೀನಿ."

ಅಷ್ಟೂ ಕನ್ನಡದಲ್ಲಿ ಮುದುಕರಿಗೆ ಅರ್ಥವಾದದ್ದು ಸ್ಯಾಂಡ್‌ಪೇಪರ್ ಒಂದೇ. ಅವರ ನಗು ನಿಂತಿತು. ಆ ನಾಲ್ಕು ಅಕ್ಷರದ ಮೇಲೆ ಅಂಗೈ ಮುಚ್ಚಿ ಕೂತರು.

ನನಗೆ ಮೈಯೆಲ್ಲ ಉರಿದುಹೋಯಿತು. "ಅಲ್ರೀ, ನಿನ್ನೆವರೆಗೂ ಇದೇ ಕೈಗುಣ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ರಲ್ಲ! ಡೆನ್ಮಾರ್ಕಿನವಳು ಮಾಡಿದ್ರೆ ಕಲೆ, ಪಂಗಾನಿಯವರು ಮಾಡಿದ್ರೆ ಕಾಪಿನಾ? ಹಿತ್ತಲ ಗಿಡ ಮದ್ದಲ್ಲ, ಅಲ್ವಾ?"

"ಮಾರ್ಕೆಟ್ ಹಾಗಿದೆ ಮೇಡಂ."

"ನಿಮ್ಮ ಮಾರ್ಕೆಟ್ಟಿಗಿಷ್ಟು ಬೆಂಕಿ ಹಾಕ! ಕುರ್ಚಿ ನಂದು. ಆ ಅಕ್ಷರ ಮುಟ್ಟಿದ್ರೆ ಮುಂದಿನ ಯುಗಾದಿಗೆ ನಿಮಗೆ ಈ ಮನೇಲಿ ಬೇವೂ ಇಲ್ಲ, ಬೆಲ್ಲವೂ ಇಲ್ಲ."

ಅವರು ಕಾಫಿ ಕುಡಿಯದೆ ಹೊರಟುಹೋದರು.

ಸಂಜೆಯ ಹೊತ್ತಿಗೆ ಹುರಿ ಹೆಣೆದು ಮುಗಿಯಿತು. ನಾನು ಒಳಗಿನಿಂದ ಪೆನ್ಸಿಲ್ ತಂದು ಮುದುಕರ ಮುಂದೆ ಹಿಡಿದೆ. "ಈಗ ಯಾವ ಧಣಿಯೂ ಇಲ್ಲ. ನಿಮ್ಮ ಪೂರ್ತಿ ಹೆಸರು ಬರೆಯಿರಿ," ಅಂದೆ.

ಅವರು ಪೆನ್ಸಿಲನ್ನು ನನ್ನ ಕೈಗೇ ವಾಪಸು ಕೊಟ್ಟರು. ಕುರ್ಚಿ ಬೋರಲು ಹಾಕಿ, ಚೀಲದಿಂದ ಒಂದು ಸಣ್ಣ ಉಳಿ ತೆಗೆದು, ಮಕ್ಕಳು ಸ್ಲೇಟಿನ ಮೇಲೆ ತಿದ್ದುವ ಹಾಗೆ ಅದೇ ನಾಲ್ಕು ಅಕ್ಷರಗಳ ಮೇಲೆ ನಿಧಾನಕ್ಕೆ ಕೆತ್ತಿ ತಿದ್ದಿದರು. ಈಗ ಅದು ಯಾವ ಸ್ಯಾಂಡ್‌ಪೇಪರಿಗೂ ಬಗ್ಗುವುದಿಲ್ಲ.