ಬೈನೆಹಳ್ಳಕ್ಕೆ ದಾರಿ

ಆ ಬೆಳಿಗ್ಗೆ ಆಂಬುಲೆನ್ಸಿನ ಸದ್ದು ಇಡೀ ಊರಿಗೆ ಕೇಳಿಸುತ್ತಿತ್ತು, ಗಾಡಿ ಮಾತ್ರ ಎಲ್ಲೂ ಕಾಣಿಸುತ್ತಿರಲಿಲ್ಲ. ಕಾಫಿ ಕೊಯ್ಲಿನ ಕಾಲ. ನಾನು ಕಣದಲ್ಲಿ ನಿಂತು ಹಣ್ಣು ಹರವಿಸುತ್ತಿದ್ದೆ. ಸದ್ದು ಗುಡ್ಡದ ಆಚೆ ಬದಿಯಿಂದ, ಮೇಲಿನ ದೊಡ್ಡ ಎಸ್ಟೇಟಿನ ಕಡೆಯಿಂದ ಬರುತ್ತಿತ್ತು. ಆಂಬುಲೆನ್ಸ್ ಕರೆಸಿದವರು ಇದ್ದದ್ದು ಈಚೆ ಬದಿಯಲ್ಲಿ, ನಮ್ಮ ತೋಟದ ಕೆಳಗಿನ ಕಾಲೋನಿಯಲ್ಲಿ. ನಮ್ಮ ಅಂಗನವಾಡಿ ಟೀಚರ್ ಆ ಕಾಲೋನಿಯವರೇ. ಅವರ ತಮ್ಮನ ಹೆಂಡತಿಗೆ ಹೆರಿಗೆ ನೋವು ಶುರುವಾಗಿತ್ತು.

ಟೀಚರ್ ಏದುಸಿರು ಬಿಡುತ್ತಾ ಕಣಕ್ಕೆ ಓಡಿ ಬಂದರು. "ಅಕ್ಕಾ, ಆ ಡ್ರೈವರ್ ಮೇಲಿನ ಎಸ್ಟೇಟ್ ಸಾಹುಕಾರ್ರ ಗೇಟಿನ ಹತ್ರ ನಿಂತಿದಾನಂತೆ. ಮ್ಯಾಪು ಅಲ್ಲಿಗೇ ಕರ್ಕೊಂಡು ಹೋಗಿದೆ. ಗೇಟಿಗೆ ಬೀಗ. ತಿರುಗಿಸಿಕೊಂಡು ಬರೋಕೆ ಅಲ್ಲಿ ಜಾಗವೂ ಇಲ್ವಂತೆ."

ನಮ್ಮನೆಯವರು ಆಗಷ್ಟೇ ಪಿಕಪ್ಪಿಗೆ ಮೂಟೆ ತುಂಬಿಸುತ್ತಿದ್ದರು. ಮೂಟೆಗಳನ್ನು ಕೆಳಗೆ ಎಳೆದು ಹಾಕಿದರು, ಹಿಂದೆ ಹಾಸಿಗೆ ಹಾಸಿಸಿದರು, ನಮ್ಮ ತೋಟದೊಳಗಿನ ದಾರಿಯಲ್ಲೇ ಕಾಲೋನಿಗೆ ಇಳಿದರು. ಮೂಡಿಗೆರೆ ಆಸ್ಪತ್ರೆ ಮುಟ್ಟುವ ಮೊದಲೇ, ಒಂದು ತಿರುವಿನಲ್ಲಿ, ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು. ನಮ್ಮನೆಯವರು ಮನೆಗೆ ಬಂದವರು ಪಿಕಪ್ಪನ್ನು ತೊಳೆದದ್ದೇ ತೊಳೆದದ್ದು. ಊಟಕ್ಕೆ ಕರೆದರೂ ಒಳಗೆ ಬರಲಿಲ್ಲ.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗದ ಹಾಗಾಯಿತು. ಮ್ಯಾಪ್ ತೆರೆದು ನೋಡಿದೆ. ಮೇಲಿನ ಎಸ್ಟೇಟು ಇತ್ತು, ಅದರ ಪಕ್ಕದ ಹೋಂಸ್ಟೇ ಇತ್ತು, ಹೋಂಸ್ಟೇಯ ಈಜುಕೊಳವೂ ಇತ್ತು. ಪ್ರವಾಸಿಗರು ದೇವರಮನೆ ಗುಡ್ಡಕ್ಕೆ ಹೋಗುವ ದಾರಿ ಇತ್ತು. ಕಾಲೋನಿ ಇದ್ದ ಕಡೆ ಬರೀ ಹಸಿರು. ಅಷ್ಟು ಮನೆಗಳು, ಅಂಗನವಾಡಿ, ನೀರಿನ ಟ್ಯಾಂಕು, ಯಾವುದೂ ಇಲ್ಲ. ಅಲ್ಲಿನವರು ಫೋನಿನಲ್ಲಿ ಊರ ಹೆಸರು ಹೇಳಿದರೆ ಮ್ಯಾಪು ಬರುವವರನ್ನು ತನಗೆ ಗೊತ್ತಿರುವ ಹತ್ತಿರದ ಹೆಸರಿಗೆ, ಅಂದರೆ ಎಸ್ಟೇಟಿನ ಗೇಟಿಗೆ, ತಂದು ನಿಲ್ಲಿಸುತ್ತಿತ್ತು.

ಆ ಮ್ಯಾಪನ್ನು ಯಾರು ಬೇಕಾದರೂ ತಿದ್ದಬಹುದು ಅನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ವಿಡಿಯೋ ನೋಡಿ ನೋಡಿ ಕಲಿತೆ. ಮನೆಯಲ್ಲಿ ಸಿಗ್ನಲ್ ಹಿಡಿಯುವುದು ಊಟದ ಮೇಜಿನ ಒಂದು ಮೂಲೆಯಲ್ಲಿ ಮಾತ್ರ. ಸಂಜೆ ಟೀಚರ್ ಬರುತ್ತಿದ್ದರು, ಇಬ್ಬರೂ ಆ ಮೂಲೆಗೆ ಅಂಟಿಕೊಂಡು ಕೂತು ಒಂದೊಂದೇ ಮನೆ ಗುರುತು ಹಾಕುತ್ತಿದ್ದೆವು. ನಮ್ಮನೆಯವರು ಅದೇ ಮೇಜಿನಲ್ಲಿ ಕಾಫಿ ಕುಡಿಯುತ್ತಾ ಸುಮ್ಮನೆ ನೋಡುತ್ತಿದ್ದರು. ತಿಳಿಯದ ಕಡೆ ಮ್ಯಾಪಿನ ಚರ್ಚೆಯ ಪುಟದಲ್ಲಿ ಕೇಳುತ್ತಿದ್ದೆ. ಅಲ್ಲಿ ಬಯಲುಸೀಮೆಯ ಯಾವುದೋ ಊರಿನ ಒಬ್ಬರು ಕನ್ನಡದಲ್ಲಿ ತಾಳ್ಮೆಯಿಂದ ಉತ್ತರ ಬರೆಯುತ್ತಿದ್ದರು. ಅವರು ಗಂಡಸೋ ಹೆಂಗಸೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹೆಸರು ಏನು ಹಾಕುವುದು ಅನ್ನುವ ಪ್ರಶ್ನೆ ಬಂತು. ಕಾಲೋನಿಯನ್ನು ಊರಿನವರು ಕರೆಯುತ್ತಿದ್ದದ್ದು ಜಾತಿ ಹಿಡಿದು. ನಾನೂ ಮದುವೆಯಾಗಿ ಬಂದಾಗಿನಿಂದ ಅದನ್ನೇ ಕೇಳಿದವಳು. ಟೀಚರ್ ಕಾಲೋನಿಯ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರು. ಬರೆಯಲು ಬಾರದ ಹಿರಿಯರೂ ವಾಯ್ಸ್ ಮೆಸೇಜ್ ಕಳಿಸಿದರು. ಕೆಲವರು ಸರ್ಕಾರ ಕೊಟ್ಟ ಉದ್ದದ ಹೆಸರು ಇರಲಿ ಅಂದರು. ಕಡೆಗೆ ಒಬ್ಬರು ಅಜ್ಜಿಯ ದನಿ ಬಂತು, ಹಿಂದೆ ಕೋಳಿ ಕೂಗುವುದೂ ಕೇಳಿಸುತ್ತಿತ್ತು. "ನಮ್ಮತ್ತೆ ಕಾಲದಲ್ಲಿ ಬೈನೆಹಳ್ಳ ಅಂತಿದ್ರು. ಹಳ್ಳದ ದಂಡೆ ತುಂಬ ಬೈನೆ ಮರ ಇದ್ವು. ಅದೇ ಚೆಂದ." ಅದಕ್ಕೆ ಎಷ್ಟು ಜನ ಹೆಬ್ಬೆಟ್ಟು ಒತ್ತಿದರೆಂದರೆ ಟೀಚರ್ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು.

ಬೈನೆಹಳ್ಳ ಅಂತ ಬರೆದೆವು. ನಮ್ಮ ತೋಟದೊಳಗಿನ ದಾರಿಯನ್ನು ಮುಖ್ಯ ರಸ್ತೆಯಿಂದ ಅಲ್ಲಿಯವರೆಗೆ ಎಳೆದೆವು.

ಮಾರನೇ ದಿನ ನೋಡಿದರೆ ದಾರಿಯೂ ಇಲ್ಲ, ಹೆಸರೂ ಇಲ್ಲ.

ನಾನೇ ಏನೋ ತಪ್ಪು ಮಾಡಿದೆ ಅಂದುಕೊಂಡು ಮತ್ತೆ ಹಾಕಿದೆ. ಮತ್ತೆ ಹೋಯಿತು. ಮೂರನೇ ಸಲ ಹೋದ ಮೇಲೆ ಬಯಲುಸೀಮೆಯವರು ಬರೆದರು: ಇದು ತಪ್ಪಲ್ಲ, ಯಾರೋ ಬೇಕೆಂದೇ ಅಳಿಸುತ್ತಿದ್ದಾರೆ. ಅಳಿಸುವವರ ಹೆಸರಿನ ಜಾಗದಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರ, ಅದರ ಮುಂದೆ ಅಂಕಿಗಳು, ಅಷ್ಟೇ.

ನಾನು ಹಟಕ್ಕೆ ಬಿದ್ದೆ. ಸಾರಿಗೆ ಒಗ್ಗರಣೆ ಹಾಕುವಾಗ ಒಂದು ಕೈಯಲ್ಲಿ ಫೋನು. ಕೊಯ್ಲಿನವರ ಹಣ್ಣು ಅಳೆದುಕೊಳ್ಳುವಾಗ ಲೆಕ್ಕ ತಪ್ಪಿ ಮೇಸ್ತ್ರಿಯಿಂದ ಮಾತು ಕೇಳಿದೆ. ಎದ್ದ ತಕ್ಷಣ ಮೇಜಿನ ಮೂಲೆಗೆ ಓಡಿ ನೋಡುವುದು, ಅಳಿಸಿದ್ದರೆ ಮೈಯೆಲ್ಲ ಉರಿಯುವುದು, ಮತ್ತೆ ಹಾಕುವುದು. ಮುಖ ಕಾಣದ ಒಬ್ಬರ ಜೊತೆ ದಿನಾ ಜಗಳವಾಡಿದ ಹಾಗೆ. ಮನೆಯಲ್ಲೂ ಸುಮ್ಮಸುಮ್ಮನೆ ಸಿಡುಕುತ್ತಿದ್ದೆ. "ಆ ಫೋನು ಸ್ವಲ್ಪ ಬದಿಗಿಡು ಮಾರಾಯ್ತಿ," ಅಂತ ನಮ್ಮನೆಯವರು ಒಂದೆರಡು ಸಲ ಹೇಳಿದರು.

ಯಾರು ಅಂತ ಗ್ರೂಪಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮೇಲಿನ ಎಸ್ಟೇಟಿನ ಸಾಹುಕಾರ್ರೇ. ಇನ್ಯಾರಿಗೆ ಬೇಕು? ಗೇಟಿಗೆ ಬೀಗ ಹಾಕಿದವರು ಅವರು, ಆಂಬುಲೆನ್ಸ್ ನಿಂತದ್ದು ಅವರ ಬಾಗಿಲಲ್ಲಿ. ನನಗೂ ಹಾಗೇ ಅನ್ನಿಸಿತ್ತು. ಕಾಲೋನಿಯ ಕಾಲೇಜು ಹುಡುಗರು ಒಂದು ವಿಡಿಯೋ ಮಾಡಿದರು. ಬೀಗ, ಗೇಟು, ಎಸ್ಟೇಟಿನ ಬೋರ್ಡು, ಆಮೇಲೆ ಬಾಣಂತಿ ಮತ್ತು ಮಗು. "ಅಕ್ಕಾ, ಇದಕ್ಕೆ ನಿಮ್ಮ ವಾಯ್ಸ್ ಬೇಕು. ನೀವು ಹೇಳಿದ್ರೆ ಜನ ನಂಬ್ತಾರೆ," ಅಂದರು. ಒಪ್ಪಿಕೊಂಡೆ. ಭಾನುವಾರ ರೆಕಾರ್ಡ್ ಮಾಡಿ ಎಲ್ಲ ಕಡೆ ಬಿಡುವುದು ಅಂತಾಯಿತು. ಏನು ಮಾತಾಡಬೇಕು ಅಂತ ಕೆಲಸ ಮಾಡುತ್ತಲೇ ಗುನುಗಿಕೊಳ್ಳುತ್ತಿದ್ದೆ.

ಶನಿವಾರ ಮಧ್ಯಾಹ್ನ ಬಯಲುಸೀಮೆಯವರ ಸಂದೇಶ ಬಂತು. ಅಳಿಸುವವರು ಬೇರೆ ಏನೇನು ತಿದ್ದಿದ್ದಾರೆ ಅಂತ ನೋಡಿದಿರಾ, ಅವರ ಹೆಸರು ಒತ್ತಿದರೆ ಎಲ್ಲ ಕಾಣುತ್ತದೆ, ಅಂತ ಬರೆದಿದ್ದರು. ಒತ್ತಿದೆ. ಬೈನೆಹಳ್ಳದ ಹೆಸರು, ದಾರಿ, ಮತ್ತೆ ಹೆಸರು, ಮತ್ತೆ ದಾರಿ. ಎಲ್ಲಕ್ಕಿಂತ ಮೊದಲು, ಅವರು ಸೇರಿಕೊಂಡ ದಿನವೇ, ಒಂದೇ ಒಂದು ಗುರುತು ಹಾಕಿದ್ದರು: ಹಳ್ಳದ ಮೇಲೆ, ಓಟೆ ಬಿದಿರಿನ ಮರೆಯಲ್ಲಿ, ಪಂಪ್‌ಶೆಡ್ಡು.

ಅದು ನಮ್ಮ ಪಂಪ್‌ಶೆಡ್ಡು. ಹಳೆಯದು ಮಳೆಗಾಲದಲ್ಲಿ ಕೊಚ್ಚಿಕೊಂಡು ಹೋದ ಮೇಲೆ ಹೊಸದನ್ನು ಅಲ್ಲಿ ಮೇಲಕ್ಕೆ ಕಟ್ಟಿಸಿದ್ದೆವು. ಮೇಲಿನಿಂದ ತೆಗೆದ ಚಿತ್ರದಲ್ಲಿ ಬಿದಿರು ಬಿಟ್ಟು ಬೇರೇನೂ ಕಾಣುವುದಿಲ್ಲ. ಅದು ಅಲ್ಲಿದೆ ಅಂತ ಮ್ಯಾಪಿನಲ್ಲಿ ಹಾಕುವ ಮನಸ್ಸು ನಮ್ಮ ಮನೆಯಲ್ಲಿ ಇರುವವರಿಗೆ ಬಿಟ್ಟು ಇನ್ಯಾರಿಗೆ ಬರಬೇಕು? ಇರುವವರು ನಾನು, ನಮ್ಮನೆಯವರು, ಇಬ್ಬರೇ.

ಅವರು ಕಣದಲ್ಲಿ ಒಣಗಿದ ಕಾಫಿಯನ್ನು ಹಲಗೆಯಿಂದ ಎಳೆಯುತ್ತಿದ್ದರು. ಹೋಗಿ ಎದುರಿಗೆ ನಿಂತೆ.

"ರೀ, ನಮ್ಮ ಹೊಸ ಪಂಪ್‌ಶೆಡ್ಡು ಮ್ಯಾಪಲ್ಲಿ ಬಂದಿದೆ."

ಎಳೆಯುವುದನ್ನು ನಿಲ್ಲಿಸಲಿಲ್ಲ. "ಹೌದಾ?"

"ನೀವೇ ಹಾಕಿದ್ದು."

ಇನ್ನೊಂದು ಸಾಲು ಎಳೆದರು. ಆಮೇಲೆ ಹಲಗೆ ಕೆಳಗಿಟ್ಟರು. "ನೀನು ಟೀಚರಿಗೆ ಹೇಳ್ಕೊಡ್ತಿದ್ದೆಯಲ್ಲ, ಪಕ್ಕದಲ್ಲೇ ಕೂತಿದ್ದೆ. ಬರುತ್ತೋ ಇಲ್ವೋ ಅಂತ ಮೊದಲು ನಮ್ಮದನ್ನೇ ಹಾಕಿ ನೋಡ್ದೆ."

"ಆಮೇಲೆ ಅವರದ್ದನ್ನ ಅಳಿಸಿದ್ರಿ."

"ನಾನು ಯಾರನ್ನೂ ತಡೆದಿಲ್ಲ. ಗೇಟು ಹಾಕಿದೀನಾ? ಅವತ್ತು ಗಾಡಿ ತಗೊಂಡು ಹೋದವನು ನಾನು. ನಾಳೆ ಬೇಕಾದ್ರೂ ಹೋಗ್ತೀನಿ." ಅವರ ದನಿ ಏರಿತು. "ಆ ದಾರಿ ನಮ್ಮ ಜಾಗ. ಅಪ್ಪಯ್ಯ ಬಾಯಿಮಾತಲ್ಲಿ ಬಿಟ್ಟಿದ್ದು. ಮ್ಯಾಪಲ್ಲಿ ಬಂದ್ರೆ ನಾಳೆ ಅದು ರಸ್ತೆ ಅಂತಾರೆ. ಭಾನುವಾರ ಬಂದ್ರೆ ದೇವರಮನೆಗೆ ಹೋಗೋ ಬೈಕಿನವರು, ಜೀಪಿನವರು ಎಲ್ಲ ಶಾರ್ಟ್‌ಕಟ್ ಅಂತ ನಮ್ಮ ಗಿಡದ ಮೇಲೇ ಹತ್ತಿಸ್ತಾರೆ. ನಿನಗೆ ಇದೆಲ್ಲ ಯೋಚನೆಗೆ ಬಂತಾ? ನನ್ನ ಹತ್ರ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಮೇಜಿನ ಎದುರಿಗೇ ಕೂತಿದ್ದವರನ್ನು ಕೇಳಬೇಕು ಅಂತ ಅನ್ನಿಸಿಯೇ ಇರಲಿಲ್ಲ. ಆದರೂ ನನಗೆ ಆಗ ಬಂದದ್ದು ಸಿಟ್ಟು ಮಾತ್ರ. "ಹೇಳಬಹುದಿತ್ತಲ್ಲ ಬಾಯಿ ಬಿಟ್ಟು! ಕಳ್ಳನ ಹಾಗೆ ಯಾಕೆ?" ಅಂದೆ. ಅವರು ಹಲಗೆ ಎತ್ತಿಕೊಂಡು ಕಣದ ಆ ತುದಿಗೆ ಹೋದರು.

ಮಾರನೇ ದಿನದ ವಿಡಿಯೋ ನೆನಪಾಯಿತು. ಚಪ್ಪಲಿ ಸಿಕ್ಕಿಸಿಕೊಂಡು ಕಾಲೋನಿಗೆ ಇಳಿದೆ. ಟೀಚರ್ ಅಂಗನವಾಡಿಗೆ ಬೀಗ ಹಾಕುತ್ತಿದ್ದರು. ದಾರಿಯುದ್ದಕ್ಕೂ ಹೇಗೆ ಹೇಳುವುದು ಅಂತ ಯೋಚಿಸಿಕೊಂಡು ಬಂದವಳು, ಅವರನ್ನು ನೋಡಿದ ಕೂಡಲೇ ಹೇಳಿಬಿಟ್ಟೆ. "ಟೀಚರ್, ಸಾಹುಕಾರ್ರಲ್ಲ. ನಮ್ಮನೆಯವರು."

ಅವರು ನನ್ನ ಮುಖವನ್ನೇ ನೋಡಿದರು. ಬೀಗದ ಕೀಲಿಯನ್ನು ಚೀಲಕ್ಕೆ ಹಾಕಿಕೊಂಡು, "ವಿಡಿಯೋ ಬಿಡಬೇಡಿ ಅಂತ ಹುಡುಗರಿಗೆ ನಾನು ಹೇಳ್ತೀನಿ," ಅಂದರು. "ಆದ್ರೆ ಇದು ಯಾರು ಮಾಡಿದ್ದು ಅಂತ ನಾನು ಹೇಳಲ್ಲ ಅಕ್ಕ. ನೀವೂ ಹೇಳಬೇಡಿ. ಅವರೇ ಬಂದು ಹೇಳ್ಲಿ."

ಅವರು ಬರುತ್ತಾರೆ ಅಂತ ನನಗೆ ನಂಬಿಕೆ ಇರಲಿಲ್ಲ. ಆ ಸಂಜೆ ಊಟಕ್ಕೆ ಬಡಿಸುತ್ತಾ ಟೀಚರ್ ಹೇಳಿದ್ದನ್ನು ಹೇಳಿದೆ. ಅವರು ಊಟ ಮುಗಿಸಿ ಕಣದ ಕಾಫಿ ಮುಚ್ಚಲು ಹೋದರು. ಬೆಳಿಗ್ಗೆ ತಿಂಡಿ ತಿಂದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ಬಾ," ಅಂದರು.

ವಿಡಿಯೋ ಯಾಕೆ ನಿಂತಿತು ಅಂತ ಕೇಳಲು ಅಂಗನವಾಡಿಯ ಅಂಗಳದಲ್ಲಿ ಜನ ಸೇರಿದ್ದರು. ಕುರ್ಚಿ ಕೊಟ್ಟರು, ಅವರು ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು: ಅಳಿಸಿದ್ದು ನಾನು, ಹೀಗೆ ಹೀಗೆ ಭಯ ಇತ್ತು. ಹುಡುಗರಲ್ಲಿ ಒಬ್ಬ ಏನೋ ಗೊಣಗಿದ, ಇನ್ನೊಬ್ಬ ಎದ್ದು ಹೊರಟೇ ಹೋದ. ವಾಯ್ಸ್ ಮೆಸೇಜಿನ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದವರು, "ನಿಮ್ಮಪ್ಪಯ್ಯನ ಕಾಲದಿಂದ ಅದೇ ದಾರೀಲಿ ಓಡಾಡ್ತಿದೀವಿ ಅಯ್ಯ. ಒಂದು ರೆಕ್ಕೆ ಮುರಿದಿದೀವಾ?" ಅಂದರು. ರೆಕ್ಕೆ ಅಂದರೆ ಕಾಫಿ ಗಿಡದ ಕೊಂಬೆ. ನಮ್ಮನೆಯವರು ಇಲ್ಲ ಅಂತ ತಲೆ ಆಡಿಸಿದರು.

ಆಗ ಟೀಚರ್ ಕೇಳಿದರು. "ದಾರಿ ಅಳಿಸಿದ್ದು ಅರ್ಥ ಆಯ್ತು ಅಣ್ಣ. ಹೆಸರು ಎಂತಕ್ಕೆ ಅಳಿಸಿದ್ರಿ?"

"ಊರು ಕಂಡ್ರೆ ದಾರಿ ತಾನಾಗೇ..." ಅಂದವರು ಅಲ್ಲಿಗೇ ನಿಂತರು. ಎಲ್ಲರೂ ಕಾಯುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಅವರ ಪರವಾಗಿ ಏನಾದರೂ ಹೇಳಲು ನನ್ನ ನಾಲಿಗೆ ತುಡಿಯುತ್ತಿತ್ತು, ಹೇಳಲಿಲ್ಲ. ಕಡೆಗೆ ಅವರೇ, "ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ," ಅಂದರು. "ಅದು ತಪ್ಪು. ನೀವು ಹಾಕಿ. ನಾನಿನ್ನು ಮುಟ್ಟಲ್ಲ."

ಟೀಚರ್ ತಮ್ಮ ಫೋನನ್ನು ಅವರ ಕೈಗೆ ಕೊಟ್ಟರು. "ಇಲ್ಲ, ನೀವೇ ಬರೀರಿ."

ದಪ್ಪ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಬರೆದರು. ಟೀಚರ್ ಪಕ್ಕದಲ್ಲಿ ನಿಂತು ಒತ್ತಕ್ಷರ ತಿದ್ದಿಸಿದರು.

ದಾರಿಯ ಮಾತು ಮುಗಿಯಲು ಇನ್ನೂ ಹೊತ್ತು ಹಿಡಿಯಿತು, ದನಿಗಳೂ ಏರಿದವು. ದಾರಿ ಮ್ಯಾಪಿನಲ್ಲಿ ಇರಲಿ, ಆದರೆ ಊರಿನವರಿಗೆ ಮತ್ತು ತುರ್ತಿಗೆ ಮಾತ್ರ ಅಂತ ಸೂಚನೆ ಇರಲಿ ಅಂತ ಒಪ್ಪಿಗೆಯಾಯಿತು. ಅದನ್ನು ಹೇಗೆ ಹಾಕುವುದು ಅಂತ ಬಯಲುಸೀಮೆಯವರು ಅವತ್ತೇ ಬರೆದು ತಿಳಿಸಿದರು. ಹುಡುಗರು ಆ ವಿಡಿಯೋದಿಂದ ಗೇಟು, ಬೋರ್ಡು ತೆಗೆದು, ಊರನ್ನು ಮ್ಯಾಪಿಗೆ ಸೇರಿಸುವುದು ಹೇಗೆ ಅಂತ ತೋರಿಸುವ ವಿಡಿಯೋ ಮಾಡಿದರು. ಅದಕ್ಕೆ ದನಿ ಟೀಚರದ್ದು.

ಈಗ ಲಸಿಕೆ ಹಾಕುವವರು, ಗ್ಯಾಸಿನ ಜೀಪಿನವರು ಎಲ್ಲ ನೇರವಾಗಿ ಬರುತ್ತಾರೆ. ಸೂಚನೆ ಓದದ ಬೈಕಿನವರೂ ಕೆಲವು ಭಾನುವಾರ ಬರುತ್ತಾರೆ, ಎರಡು ಗಿಡ ಮುರಿದದ್ದೂ ಆಗಿದೆ. ನಮ್ಮನೆಯವರು ಮುರಿದ ಗಿಡವನ್ನು ನನಗೆ ತೋರಿಸುವುದಿಲ್ಲ, ನಾನೇ ಹೋಗಿ ನೋಡಿ ಬರುತ್ತೇನೆ. ಮೇಜಿನ ಆ ಮೂಲೆಯಲ್ಲಿ ಈಗ ಅವರು ಕೂರುವುದು ಕಡಿಮೆ. ಇಬ್ಬರೂ ಒಳ್ಳೆಯ ಮಾತೇ ಆಡುತ್ತೇವೆ, ಆದರೆ ಅವರು ಫೋನು ಹಿಡಿದು ಸುಮ್ಮನೆ ಕೂತರೆ ಏನು ಮಾಡುತ್ತಿದ್ದಾರೆ ಅಂತ ನನ್ನ ಕಣ್ಣು ಅತ್ತ ಹೋಗುತ್ತದೆ. ಹೋಗಬಾರದು ಅಂದುಕೊಂಡರೂ ಹೋಗುತ್ತದೆ.

ಹೋದ ವಾರ ವಸ್ತಾರೆ ಕಡೆಯ ಒಂದು ಕಾಲೋನಿಯ ಹೆಂಗಸರು ವಿಡಿಯೋ ನೋಡಿ ಟೀಚರಿಗೆ ವಾಯ್ಸ್ ಮೆಸೇಜ್ ಕಳಿಸಿದ್ದರು. ಅವರ ಊರೂ ಮ್ಯಾಪಿನಲ್ಲಿ ಇಲ್ಲವಂತೆ, ಬಂದು ಕಲಿಸಿಕೊಡಿ ಅಂತ. ಭಾನುವಾರ ಟೀಚರೂ ನಾನೂ ಹೊರಟೆವು. ನಮ್ಮನೆಯವರು ಪಿಕಪ್ಪಿನ ಕೀ ಹಿಡಿದುಕೊಂಡು ಅಂಗಳಕ್ಕೆ ಬಂದು, "ನಾನು ಬಿಟ್ಟು ಬರ್ತೀನಿ," ಅಂದರು.

"ಬೇಡ, ಬಸ್ಸಿಗೆ ಹೋಗ್ತೀವಿ," ಅಂದೆ.

ಸಿಟ್ಟಿನಿಂದ ಹೇಳಿದ್ದಲ್ಲ. ಅಲ್ಲಿ ಮೊದಲು ದಾರಿ ಯಾರ ತೋಟದೊಳಗೆ ಹೋಗುತ್ತದೆ ಅಂತ ಕೇಳಬೇಕು, ಆ ಮನೆಯವರನ್ನೂ ಕೂರಿಸಿಕೊಳ್ಳಬೇಕು ಅಂತ ಟೀಚರ್ ಜೊತೆ ಮಾತಾಡುವುದಿತ್ತು, ನಮ್ಮನೆಯವರ ಎದುರಿಗೆ ಅದು ಚುಚ್ಚುಮಾತಿನ ಹಾಗೆ ಕೇಳಿಸುತ್ತಿತ್ತು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತುಕೊಂಡೇ ಮಾತಾಡಿದೆವು.